ಕುಡಿದು ಬಂದವನಿಗೂ ಹಾಸಿಗೆ ಕೊಡಿ: ಹುಬ್ಬಳ್ಳಿ-ಧಾರವಾಡದ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರು, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ,
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ ಜಿಲ್ಲೆ,
ಹಾಗೂ ಅವಳಿ ನಗರದ 82 ವಾರ್ಡುಗಳ ನಾಗರಿಕರಿಗೆ

ಮಾನ್ಯರೇ,

ವಸತಿರಹಿತರ ಆಶ್ರಯ ಕೇಂದ್ರಗಳ ಬಾಗಿಲಿಗೆ ತೂಗುಹಾಕುವ ನಿಯಮಗಳಲ್ಲಿ ಎಲ್ಲ ಊರುಗಳಲ್ಲೂ ಸಾಮಾನ್ಯವಾಗಿ ಕಾಣುವ ಸಾಲೊಂದಿದೆ: ‘ಮದ್ಯಪಾನ ಮಾಡಿ ಬಂದವರಿಗೆ ಪ್ರವೇಶವಿಲ್ಲ.’ ಓದಿದವರಿಗೆ ಇದು ನ್ಯಾಯವೆಂದೇ ತೋರುತ್ತದೆ. ಆದರೆ ರಾತ್ರಿ ಹನ್ನೊಂದರ ಮೇಲೆ ದುರ್ಗದ ಬೈಲಿನ ಅಂಗಡಿಗಳ ಶೆಟರ್ ಮುಂದೆ, ಹಳೇ ಬಸ್ ನಿಲ್ದಾಣದ ಆಸುಪಾಸು, ಧಾರವಾಡದ ಸುಭಾಸ ರಸ್ತೆಯ ಕಟ್ಟೆಗಳ ಮೇಲೆ ಮಲಗುವವರಲ್ಲಿ ಯಾರ ಜೀವಕ್ಕೆ ಹೆಚ್ಚು ಅಪಾಯವಿದೆಯೋ ಅವರನ್ನೇ ಈ ಸಾಲು ಹೊರಗೆ ನಿಲ್ಲಿಸುತ್ತದೆ. ಕುಡಿಯದವನು ಮಳೆ ಬಂದರೆ ಎದ್ದು ಬೇರೆ ಜಾಗ ಹುಡುಕಿಕೊಳ್ಳುತ್ತಾನೆ. ಮೈಮೇಲೆ ಎಚ್ಚರವಿಲ್ಲದವನು ನೆನೆಯುತ್ತ ಅಲ್ಲೇ ಬಿದ್ದಿರುತ್ತಾನೆ, ಇಲ್ಲವೇ ರಿವರ್ಸ್ ಬರುವ ಲಾರಿಯ ಗಾಲಿಗೆ ಸಿಗುತ್ತಾನೆ.

ಆ ಸಾಲನ್ನು ಅಳಿಸಬೇಕು. ಅಳಿಸಿದ ಮೇಲೆ ಕೇಂದ್ರ ಹೇಗೆ ನಡೆಯಬೇಕು, ಅಲ್ಲಿಂದ ಆಸ್ಪತ್ರೆಗೆ ಹೋಗುವ ದಾರಿ ಯಾವುದು, ಆಸ್ಪತ್ರೆಯಿಂದ ಬಾಡಿಗೆ ಖೋಲಿಗೆ ಹೇಗೆ, ಇದಕ್ಕೆಲ್ಲ ಎಷ್ಟು ದುಡ್ಡು, ಅದನ್ನು ಕೆಳಗೆ ಬರೆದಿದ್ದೇವೆ. ಹಾಸಿಗೆ, ಚಿಕಿತ್ಸೆ, ಖೋಲಿ ಮೂರನ್ನೂ ಮೂರು ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ನೋಡುತ್ತವೆ. ಒಂದು ಕಡತದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲೇ ಮನುಷ್ಯ ಕಳೆದುಹೋಗುತ್ತಾನೆ.

ಮೊದಲು ಎಷ್ಟು ಜನ ಎಂಬ ಪ್ರಶ್ನೆ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ದೇಶದಲ್ಲಿ ಸಿಕ್ಕವರು 17.7 ಲಕ್ಷ ಜನ. ಒಂದು ರಾತ್ರಿಯ ಎಣಿಕೆಗೆ ಎಷ್ಟೋ ಮಂದಿ ತಪ್ಪಿಸಿಕೊಳ್ಳುತ್ತಾರೆ. ಪೊಲೀಸರೆಂದು ಹೆದರಿ ಎದ್ದು ಹೋಗುವವರುಂಟು, ಎಪಿಎಂಸಿಯಲ್ಲಿ ರಾತ್ರಿ ಲೋಡಿಂಗ್‌ಗೆ ಹೋದವರುಂಟು. ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದಕ್ಕೆ ಮೊದಲೇ ಪಾಲಿಕೆ ತನ್ನದೇ ಎಣಿಕೆ ಮಾಡಿಸಿದರೆ ಜಾಗಗಳ ನಕ್ಷೆ ಕೈಯಲ್ಲಿರುತ್ತದೆ. ರಾತ್ರಿ 11ರಿಂದ ನಸುಕಿನ 4ರವರೆಗೆ, ಬೇರೆ ಬೇರೆ ವಾರದ ಮೂರು ರಾತ್ರಿ, ಖಾಕಿ ಉಡುಪು ಜೊತೆಗಿಲ್ಲದೆ ಎಣಿಸಬೇಕು. ಶಿವರಾತ್ರಿಯ ಹೊತ್ತಿಗೆ ಮಾತ್ರ ಬೇಡ. ಸಿದ್ಧಾರೂಢ ಮಠದ ಜಾತ್ರೆಗೆ ಬಂದ ಭಕ್ತರೂ ಬಯಲಲ್ಲೇ ಮಲಗಿರುತ್ತಾರೆ, ಲೆಕ್ಕ ಕೆಡುತ್ತದೆ. ಮಳೆ ಸುರಿಯುವ ರಾತ್ರಿಯೂ ಬೇಡ, ಆಗ ಯಾರೂ ತಮ್ಮ ಜಾಗದಲ್ಲಿರುವುದಿಲ್ಲ.

ಎಷ್ಟು ಕೇಂದ್ರ ಬೇಕು ಎಂಬುದಕ್ಕೆ ಅಳತೆ ಇದ್ದೇ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ (ಅದರ ಅವಧಿ 2024ರಲ್ಲಿ ಮುಗಿದಿದೆ) ಮಾರ್ಗಸೂಚಿಯ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ, ಒಬ್ಬರಿಗೆ ಕನಿಷ್ಠ 50 ಚದರಡಿ ಜಾಗ. ವರ್ಷದ ಅಷ್ಟೂ ದಿನ, ದಿನದ 24 ಗಂಟೆಯೂ ಬಾಗಿಲು ತೆರೆದಿರಬೇಕು. 2011ರಲ್ಲೇ ಅವಳಿ ನಗರದ ಜನಸಂಖ್ಯೆ 9.4 ಲಕ್ಷ ದಾಟಿತ್ತು. ಅಂದಿನ ಲೆಕ್ಕಕ್ಕೇ ಒಂಬತ್ತು ಕೇಂದ್ರ ಬೇಕು. ಮಾರ್ಗಸೂಚಿಗಳು ಕಾಗದದಲ್ಲೇ ಉಳಿದವೆಂದು ಸುಪ್ರೀಂ ಕೋರ್ಟ್ 2016ರ ನವೆಂಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಈಗ ಪಾಲಿಕೆ ವ್ಯಾಪ್ತಿಯಲ್ಲಿ ಎಷ್ಟು ಕೇಂದ್ರ, ಯಾವುದರಲ್ಲಿ ಎಷ್ಟು ಹಾಸಿಗೆ, ಕಳೆದ ತಿಂಗಳು ದಿನಕ್ಕೆ ಎಷ್ಟು ಮಂದಿ ಮಲಗಿದ್ದರು ಎಂಬುದನ್ನು ಪಾಲಿಕೆಯ ಫಲಕದಲ್ಲಿ ಹಾಕಿಸಿ. ಮಾತು ಅಲ್ಲಿಂದ ಶುರುವಾಗಲಿ.

ಈ ‘ಪ್ರವೇಶವಿಲ್ಲ’ ಎಂಬ ಸಾಲು ಹುಟ್ಟಿದ್ದು ಹೇಗೆ? ನೀತಿ ಸಂಹಿತೆಯಿಂದ ಹುಟ್ಟಿದ್ದಲ್ಲ, ದುಡ್ಡಿನ ಲೆಕ್ಕದಿಂದ ಹುಟ್ಟಿದ್ದು. 50 ಜನರ ಕೇಂದ್ರದ ನಿರ್ವಹಣೆಗೆ ಮಾರ್ಗಸೂಚಿ ಹಿಡಿದ ಮೊತ್ತ ವರ್ಷಕ್ಕೆ 6 ಲಕ್ಷ ರೂಪಾಯಿ. ತಿಂಗಳಿಗೆ 50 ಸಾವಿರವಾಯಿತು. ಮೂರು ಪಾಳಿಗೆ ಮೂವರು ಮೇಲ್ವಿಚಾರಕರು, ತಲಾ 12 ಸಾವಿರ ಸಂಬಳ ಎಂದು ಹಿಡಿದರೂ 36 ಸಾವಿರ ಅಲ್ಲಿಗೇ ಹೋಯಿತು. ಉಳಿದ 14 ಸಾವಿರದಲ್ಲಿ ಕರೆಂಟು, ನೀರು, ಸಂಡಾಸ ತೊಳೆಯುವುದು, ಚಾದರ ಒಗೆಯುವುದು, ತಗಣಿಗೆ ಔಷಧ, ಕೆಟ್ಟ ನಳದ ದುರಸ್ತಿ. ಒಂದು ಹಾಸಿಗೆಗೆ ಒಂದು ರಾತ್ರಿಗೆ ಸುಮಾರು 33 ರೂಪಾಯಿ ಬಿತ್ತು. ಹೀಗಾಗಿ ರಾತ್ರಿ ಪಾಳಿಯಲ್ಲಿ 50 ಜನರಿಗೆ ಒಬ್ಬನೇ ಒಬ್ಬ. ಒಬ್ಬ ವಾಂತಿ ಮಾಡಿಕೊಂಡರೆ, ಇನ್ನಿಬ್ಬರು ಹೊಡೆದಾಟಕ್ಕೆ ನಿಂತರೆ ಅವನು ಯಾರನ್ನು ನೋಡಬೇಕು? ಅವನ ಜಾಗದಲ್ಲಿ ಯಾರಿದ್ದರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನನ್ನು ಬೈಯುವುದಕ್ಕಿಂತ ರಾತ್ರಿಗೆ ಇನ್ನೊಬ್ಬನನ್ನು ಕೊಡುವುದು ಲೇಸು. ಅದೇ 12 ಸಾವಿರದ ಲೆಕ್ಕದಲ್ಲಿ ವರ್ಷಕ್ಕೆ 1.44 ಲಕ್ಷ ರೂಪಾಯಿ. ಎಲ್ಲ ಕೇಂದ್ರಗಳಲ್ಲೂ ಬೇಡ. ಹುಬ್ಬಳ್ಳಿಯಲ್ಲಿ ಎರಡು, ಧಾರವಾಡದಲ್ಲಿ ಒಂದು ಕೇಂದ್ರದಲ್ಲಿ ಈ ವ್ಯವಸ್ಥೆ ಮಾಡಿದರೆ ಒಟ್ಟು 4.32 ಲಕ್ಷ.

ಆ ಮೂರು ಕೇಂದ್ರಗಳಲ್ಲಿ ಬಾಗಿಲ ಪಕ್ಕದಲ್ಲೇ ಒಂದು ಮುಂಭಾಗದ ಕೋಣೆ ಇರಲಿ. ಏಳೆಂಟು ಹಾಸಿಗೆ ಸಾಕು. ಮಂಚ ಬೇಡ, ಉರುಳಿ ಬಿದ್ದರೆ ತಲೆ ಒಡೆಯುತ್ತದೆ. ನೆಲದ ಮೇಲೆ ರೆಕ್ಸಿನ್ ಹೊದಿಕೆಯ ಗಾದಿ ಹಾಕಿದರೆ ಒರೆಸಲೂ ಸುಲಭ. ಅಮಲಿನಲ್ಲಿ ಬಂದವನನ್ನು ಅಂಗಾತ ಮಲಗಿಸಲೇಬಾರದು. ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲನ್ನು ಮಡಿಸಿ ಮುಂದಕ್ಕೆ ತಂದು, ಬೆನ್ನಿಗೆ ಅವನದೇ ಗಂಟನ್ನು ಒತ್ತಿಟ್ಟರೆ ಹಿಂದಕ್ಕೆ ಉರುಳುವುದಿಲ್ಲ. ಅಮಲಿನಲ್ಲಿ ಸಾಯುವವರಲ್ಲಿ ಅನೇಕರು ಸಾಯುವುದು ವಾಂತಿ ಶ್ವಾಸನಾಳಕ್ಕೆ ಇಳಿದು. ಮೊದಲ ಎರಡು ತಾಸು 15 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ತಾಸಿಗೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು: ಹೊತ್ತು, ನಿಮಿಷಕ್ಕೆ ಎಷ್ಟು ಉಸಿರು, ಹೆಸರು ಹಿಡಿದು ಕರೆದರೆ ಓಗೊಟ್ಟನೇ. ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗೂ ಹೆಚ್ಚು ಬಿಡುವು ಬಿದ್ದರೆ, ತುಟಿ ಉಗುರು ನೀಲಿಯಾದರೆ, ಚಿವುಟಿದರೂ ಕಣ್ಣು ಬಿಡದಿದ್ದರೆ 108ಕ್ಕೆ ಫೋನ್. ತಣ್ಣೀರು ಸುರಿಯುವುದು, ಚಹಾ ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಇವು ಮೂರೂ ಬೇಡ.

ಕುಡಿದವನಂತೆ ಕಾಣುವವರೆಲ್ಲ ಕುಡಿದಿರುವುದಿಲ್ಲ. ಸಕ್ಕರೆ ಕಾಯಿಲೆಯವನ ರಕ್ತದಲ್ಲಿ ಸಕ್ಕರೆ ಇಳಿದರೆ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ. ತಲೆಗೆ ಪೆಟ್ಟು ಬಿದ್ದವನೂ ಹಾಗೆಯೇ. ಬಾಗಿಲಲ್ಲೊಂದು ಗ್ಲುಕೋಮೀಟರ್ ಇರಬೇಕು, ತಲೆಯ ಕೂದಲಲ್ಲಿ ಕೈಯಾಡಿಸಿ ರಕ್ತ, ಬಾವು ಇದೆಯೇ ನೋಡುವ ರೂಢಿ ಇರಬೇಕು. ವಾಸನೆ ನೋಡಿ ವಾಪಸ್ ಕಳಿಸುವ ಕೇಂದ್ರದಲ್ಲಿ ಇವರೂ ವಾಪಸ್ ಹೋಗುತ್ತಾರೆ.

ಇನ್ನು ಬಾಟ್ಲಿಯ ವಿಷಯ. ಒಳಗೆ ಕುಡಿಯುವಂತಿಲ್ಲ, ಇದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲಲ್ಲಿ ಕಸಿದು ಗಟಾರಕ್ಕೆ ಸುರಿಯುವ ಪದ್ಧತಿ ಇದ್ದರೆ ಬರುವವನು ಬಾಗಿಲಾಚೆ ನಿಂತು ಉಳಿದ ಅಷ್ಟನ್ನೂ ಒಂದೇ ಗುಟುಕಿಗೆ ಇಳಿಸಿ ಬರುತ್ತಾನೆ, ಅಪಾಯ ಇಮ್ಮಡಿ. ಹೆಸರಿನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು ಮುಂಜಾನೆ ವಾಪಸ್ ಕೊಡಿ. ಇದನ್ನು ಓದಿ ಹುಬ್ಬೇರಿಸುವವರಿರುತ್ತಾರೆಂದು ಗೊತ್ತು. ಅವರಿಗೆ ಮುಂದಿನ ಮಾತು.

ದಿನಾ ಕುಡಿಯುವವನ ದೇಹ ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಏಕಾಏಕಿ ನಿಂತರೆ 6ರಿಂದ 24 ತಾಸಿನೊಳಗೆ ಕೈನಡುಕ, ಬೆವರು, ವಾಕರಿಕೆ. 12ರಿಂದ 48 ತಾಸಿನ ನಡುವೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಹಗಲು ರಾತ್ರಿಯ ಪರಿವೆ ಇರುವುದಿಲ್ಲ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದ ಹುಳವನ್ನು ಚಾದರದಿಂದ ಹೆಕ್ಕುತ್ತಾರೆ, ಜ್ವರ ಏರುತ್ತದೆ, ಎದೆಬಡಿತ ಓಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಎಂದರೆ ಕೇಂದ್ರದಲ್ಲಿ ಮೊದಲ ರಾತ್ರಿ ಅಮಲಿನಲ್ಲಿ ಬಂದು ಮಲಗಿದವನಿಗಿಂತ, ನಿಯಮಕ್ಕೆ ತಲೆಬಾಗಿ ಎರಡು ದಿನ ಕುಡಿಯದೆ ಇದ್ದವನೇ ಹೆಚ್ಚು ಗಂಡಾಂತರದಲ್ಲಿರುತ್ತಾನೆ. ‘ಬಿಟ್ಟರೆ ಒಳಗೆ ಬಾ’ ಎನ್ನುವ ಕೇಂದ್ರ ತನಗೇ ತಿಳಿಯದಂತೆ ಅವನನ್ನು ಆ ಸ್ಥಿತಿಗೆ ನೂಕುತ್ತದೆ.

ಇದೇ ಕಾರಣಕ್ಕೆ ಜಿಲ್ಲಾಧಿಕಾರಿಗಳಿಗೆ ಬೇರೆಯದೇ ಒಂದು ಕೋರಿಕೆ. ಚುನಾವಣೆಗೆ, ಗಣೇಶ ವಿಸರ್ಜನೆಗೆ ಮದ್ಯದಂಗಡಿ ಮುಚ್ಚುವ ಆದೇಶ ನಿಮ್ಮ ಕಚೇರಿಯಿಂದಲೇ ಹೊರಡುತ್ತದೆ. ಒಂದೂವರೆ ಎರಡು ದಿನ ಅಂಗಡಿ ಮುಚ್ಚಿದರೆ ಫಿಟ್ಸ್ ಬರುವ ಹೊತ್ತು ಸರಿಯಾಗಿ ಆ ಅವಧಿಯಲ್ಲೇ ಬೀಳುತ್ತದೆ. ಆದೇಶದ ಪ್ರತಿ ಅಬಕಾರಿ ಮತ್ತು ಪೊಲೀಸ್ ಇಲಾಖೆಗೆ ಹೋಗುವಾಗಲೇ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ (ಈಗ ಕೆಎಂಸಿಆರ್‌ಐ) ತುರ್ತು ವಿಭಾಗಕ್ಕೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ, ಆಶ್ರಯ ಕೇಂದ್ರಗಳಿಗೆ, 108ರ ಸಿಬ್ಬಂದಿಗೆ ಹೋಗಲಿ. ಒಂದು ಅಂಚೆ ಚೀಟಿಯ ಖರ್ಚೂ ಇಲ್ಲ.

ಚಿಕಿತ್ಸೆಗೆ ನಮ್ಮ ಜಿಲ್ಲೆಯಷ್ಟು ಅನುಕೂಲ ಉತ್ತರ ಕರ್ನಾಟಕದ ಹೆಚ್ಚಿನ ಜಿಲ್ಲೆಗಳಿಗಿಲ್ಲ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಾಗಿ ಶುರುವಾದ ಡಿಮ್ಹಾನ್ಸ್ ಇಂದು ಪೂರ್ಣ ಪ್ರಮಾಣದ ಮಾನಸಿಕ ಆರೋಗ್ಯ ಸಂಸ್ಥೆ. ಕಾನೂನೂ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯ, ಮಾದಕ ವಸ್ತುಗಳ ಸೇವನೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. 18ನೇ ಕಲಮಿನ ಪ್ರಕಾರ ನಿರ್ಗತಿಕರಿಗೆ, ವಸತಿರಹಿತರಿಗೆ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ. ತಾನೇ ಒಪ್ಪಿ ದಾಖಲಾಗುವ ವಯಸ್ಕನಿಗೆ 86ನೇ ಕಲಮಿನಡಿ ಮನೆಯವರ ಸಹಿ ಬೇಕಿಲ್ಲ. ಅಲೆದಾಡುವ ಮಾನಸಿಕ ಅಸ್ವಸ್ಥರನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ತಾಸಿನೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಇದು 100ನೇ ಕಲಮು. ಸರಪಳಿ ಹಾಕುವುದನ್ನು 95ನೇ ಕಲಮು ಪೂರ್ತಿ ನಿಷೇಧಿಸಿದೆ. ನೋಂದಣಿ ಇಲ್ಲದ ಖಾಸಗಿ ‘ವ್ಯಸನಮುಕ್ತಿ ಕೇಂದ್ರ’ಗಳಿಗೆ ಯಾರನ್ನೂ ಕಳಿಸುವ ಮೊದಲು ಇದು ನೆನಪಿರಲಿ.

ಇಷ್ಟೆಲ್ಲ ಇದ್ದೂ ದಾಖಲಾತಿ ಎಲ್ಲಿ ಮುರಿಯುತ್ತದೆ? ವಾರ್ಡಿನ ಬಾಗಿಲಲ್ಲಿ ಕೇಳುವ ಒಂದು ಪ್ರಶ್ನೆಗೆ: ‘ಜೋಡಿ ಯಾರ್ ಬಂದಾರ?’ ನಮ್ಮ ಆಸ್ಪತ್ರೆಗಳು ರೋಗಿಯ ಜೊತೆ ಒಬ್ಬರು ಇದ್ದೇ ಇರುತ್ತಾರೆಂದು ನಂಬಿ ನಡೆಯುತ್ತವೆ. ಔಷಧದ ಚೀಟಿ ಹಿಡಿದು ಓಡಲು, ಊಟ ತರಲು, ರಾತ್ರಿ ಸನ್ನಿ ಹೆಚ್ಚಾದರೆ ಹಿಡಿದುಕೊಳ್ಳಲು ಮನೆಯವರು ಬೇಕು. ಬೀದಿಯವನಿಗೆ ಆ ಒಬ್ಬರಿಲ್ಲ. ಕಾನೂನು ಬೇಡ ಎಂದರೂ ವಾರ್ಡಿಗೆ ಬೇಕು, ವಾರ್ಡಿನವರದ್ದೂ ತಪ್ಪಲ್ಲ. ಇದಕ್ಕೆ ನೇರ ಪರಿಹಾರವೆಂದರೆ ಕೇಂದ್ರದ ಹಳೆಯ ವಾಸಿಗಳಲ್ಲಿ ಕುಡಿತ ಬಿಟ್ಟು ನಿಂತ ನಾಲ್ಕೈದು ಜನರಿಗೆ ತರಬೇತಿ ಕೊಟ್ಟು ದಿನಗೂಲಿಯ ಮೇಲೆ ಜೊತೆಗಾರರನ್ನಾಗಿ ನೇಮಿಸುವುದು. ದಾಖಲಾದ ಮೊದಲ ಏಳು ದಿನ ಜೊತೆಗಿದ್ದರೆ ಸಾಕು. ದಿನಕ್ಕೆ 500 ರೂಪಾಯಿಯಂತೆ ಒಬ್ಬ ರೋಗಿಗೆ 3,500 ರೂಪಾಯಿ.

ಬಿಡುಗಡೆಯ ದಿನ ಇನ್ನೂ ನಾಜೂಕು. ವಾರ್ಡಿನಲ್ಲಿ ನಡುಕಕ್ಕೆ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಲೊರಾಜೆಪಾಮ್, ನರಗಳಿಗೆ ಥಯಾಮಿನ್ ಸಿಕ್ಕು ಒಂದೆರಡು ವಾರದಲ್ಲಿ ಮನುಷ್ಯ ಚೇತರಿಸಿಕೊಂಡಿರುತ್ತಾನೆ. ಸಂಜೆ ಆರಕ್ಕೆ ಚೀಟಿ ಬರೆದು ಹೊರಗೆ ಕಳಿಸಿದರೆ ಅವನು ಹೋಗುವುದೆಲ್ಲಿಗೆ? ಅದೇ ಕಟ್ಟೆಗೆ, ಅದೇ ಗೆಳೆಯರ ನಡುವೆ. ವಾರಗಟ್ಟಲೆ ಬಿಟ್ಟ ದೇಹ ಹಳೆಯ ಪ್ರಮಾಣವನ್ನು ತಾಳುವುದೂ ಇಲ್ಲ. ಆದ್ದರಿಂದ ಬಿಡುಗಡೆ ಮುಂಜಾನೆಯೇ ಆಗಲಿ, ಶನಿವಾರ ಭಾನುವಾರ ಬೇಡ. 15 ದಿನದ ಗುಳಿಗೆ ಕೊಟ್ಟಿರಲಿ, ಗುಳಿಗೆ ಕೇಂದ್ರದ ಕಪಾಟಿನಲ್ಲಿರಲಿ. ಕೇಂದ್ರದಲ್ಲಿ ಹಾಸಿಗೆ ಖಾತ್ರಿಯಾಗುವ ತನಕ ಬಿಡುಗಡೆಯ ಚೀಟಿ ಬರೆಯಬೇಡಿ ಎಂದು ಡಿಮ್ಹಾನ್ಸ್, ಕಿಮ್ಸ್ ಮತ್ತು ಪಾಲಿಕೆ ಒಂದು ಪುಟದ ಒಪ್ಪಂದ ಮಾಡಿಕೊಳ್ಳಬಹುದು. ಗೊತ್ತಿಲ್ಲದಂತೆ ಊಟದಲ್ಲಿ ‘ಬಿಡಿಸುವ ಗುಳಿಗೆ’ ಬೆರೆಸುವ ಪದ್ಧತಿಯಂತೂ ಕೂಡದು. ಆ ಗುಳಿಗೆಯ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಎರವಾಗಬಹುದು.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಗೆ ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಸರಿ ತಪ್ಪು ಈ ಪತ್ರದ ವಿಷಯವಲ್ಲ. ಆದರೆ ರೈಲು, ಮಾರುಕಟ್ಟೆ, ಲಾರಿ ಸ್ಟ್ಯಾಂಡುಗಳ ಹುಬ್ಬಳ್ಳಿಯಲ್ಲಿ ಹೆಚ್ಚು ಜನ ಬಯಲಲ್ಲಿ ಮಲಗುತ್ತಾರೆ, ಮಾನಸಿಕ ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಇರುವುದು ಧಾರವಾಡದಲ್ಲಿ. ಆಸ್ತಿ, ಸಿಬ್ಬಂದಿ, ಬಜೆಟ್ ಹಂಚುವಾಗ ಈ ಒಂದು ಕೆಲಸವನ್ನು ಜಂಟಿಯಾಗಿಯೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ‘ಇಂವ ನಿಮ್ಮ ಕಡೆಯಾಂವ’ ಎಂಬ ಮಾತು ನವಲೂರಿನ ಗಡಿಯಲ್ಲಿ ದಿನಾ ಕೇಳಿಬರುತ್ತದೆ.

ಕುಡಿಯದವರೂ ಕೇಂದ್ರಕ್ಕೆ ಬಾರದಿರಲು ಬೇರೆ ಕಾರಣಗಳಿವೆ. ಗಂಟು ಇಡಲು ಬೀಗದ ಪೆಟ್ಟಿಗೆ ಇರುವುದಿಲ್ಲ. ಚಿಂದಿ ಆಯುವವರಿಗೆ ಚೀಲ, ತಳ್ಳುಗಾಡಿ ನಿಲ್ಲಿಸಲು ಅಂಗಳ ಬೇಕು, ಅದೇ ಅವರ ಬಂಡವಾಳ. ಹತ್ತಕ್ಕೆ ಬಾಗಿಲು ಹಾಕಿದರೆ ಅಮರಗೋಳದ ಎಪಿಎಂಸಿಯಲ್ಲಿ ಒಂದು ಗಂಟೆಗೆ ಲಾರಿ ಇಳಿಸಿ ಬರುವ ಹಮಾಲನಿಗೆ ಉಪಯೋಗವಿಲ್ಲ. ಗಂಡ ಹೆಂಡತಿಯನ್ನು ಬೇರ್ಪಡಿಸಿದರೆ ಇಬ್ಬರೂ ಹೊರಗೇ ಉಳಿಯುತ್ತಾರೆ. ತಗಣಿ ಬಿದ್ದ ಕೇಂದ್ರಕ್ಕಿಂತ ಫುಟ್‌ಪಾತ್ ಮೇಲು ಎನ್ನುತ್ತಾರೆ, ನಿಜವೂ ಹೌದು. ಬರೀ ಔಷಧ ಹೊಡೆದರೆ ತಗಣಿ ಹೋಗುವುದಿಲ್ಲ, ಚಾದರ ಕೌದಿಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು, ಕಟ್ಟಿಗೆಯ ಮಂಚ ತೆಗೆದು ಸಂದುಗಳಿಲ್ಲದ ಕಬ್ಬಿಣದ ಮಂಚ ಹಾಕಬೇಕು. ಹೆಣ್ಣುಮಕ್ಕಳ ಕೇಂದ್ರ ಪ್ರತ್ಯೇಕ ಕಟ್ಟಡದಲ್ಲಿರಬೇಕು, ಬಾಗಿಲು ಬೆಳಕಿರುವ ರಸ್ತೆಗೇ ತೆರೆಯಬೇಕು. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಹುಡುಗರು ಸಿಕ್ಕರೆ ದೊಡ್ಡವರ ನಡುವೆ ಮಲಗಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಆಧಾರ್ ಇಲ್ಲ ಎಂದು ವಾಪಸ್ ಕಳಿಸುವುದಂತೂ ತೀರಾ ತಲೆಕೆಳಗು. ಆಧಾರ್ ಮಾಡಿಸಿಕೊಡಬೇಕಾದದ್ದೇ ಕೇಂದ್ರ. ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಅಧೀಕ್ಷಕರು, ತಹಶೀಲ್ದಾರರು ಅಥವಾ ಪತ್ರಾಂಕಿತ ಅಧಿಕಾರಿ ಸಹಿ ಹಾಕಿದ ಪ್ರಮಾಣಪತ್ರ ವಿಳಾಸದ ದಾಖಲೆಯಾಗಿ ನಡೆಯುತ್ತದೆ, ಮೂರು ತಿಂಗಳ ಮಟ್ಟಿಗೆ. ಫೋಟೋದ ಮೇಲೆ ಅಡ್ಡಲಾಗಿ ಸಹಿ ಮತ್ತು ಮೊಹರು ಬೀಳದಿದ್ದರೆ ತಿರಸ್ಕೃತವಾಗುತ್ತದೆ, ಸಾಮಾನ್ಯವಾಗಿ ತಪ್ಪುವುದು ಇದೇ. ಮತದಾರರ ಪಟ್ಟಿಗೆ ಸೇರಲು ಮನೆಯಿಲ್ಲದವನಿಗೆ ವಿಳಾಸದ ದಾಖಲೆಯೇ ಬೇಕಿಲ್ಲ. ನಮೂನೆ 6ರಲ್ಲಿ ಮಲಗುವ ಜಾಗ ಬರೆದರೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಬಂದು ಅವನು ಅಲ್ಲಿ ಮಲಗುವುದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಮತಕ್ಕಾಗಿ ರಾತ್ರಿ ಹುಡುಕಿಕೊಂಡು ಬರುವ ಸರ್ಕಾರ ರೇಷನ್ ಕಾರ್ಡಿಗೂ ಹಾಗೆ ಬಂದರೆ ಎಷ್ಟು ಚೆನ್ನ.

ಈಗ ಖೋಲಿಯ ಮಾತು. ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು ಇದೇ. ಮನೆಯ ಯೋಜನೆ ಎಂದೊಡನೆ ನಮ್ಮಲ್ಲಿ ಸ್ವಂತ ಮನೆ ಎಂದೇ ಅರ್ಥ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಫ್ಲ್ಯಾಟಿಗೆ ಫಲಾನುಭವಿಯ ಪಾಲು ಕಟ್ಟಬೇಕು, ಪಾಲಿಗೆ ಬ್ಯಾಂಕ್ ಸಾಲ ಬೇಕು, ಸಾಲಕ್ಕೆ ಆದಾಯದ ಪುರಾವೆ ಬೇಕು. ಹಮಾಲಿ ಮಾಡುವ ಒಂಟಿ ಗಂಡಸು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಕಟ್ಟಿದ ಫ್ಲ್ಯಾಟು ಊರ ಹೊರಗಿದ್ದರೆ ನಸುಕಿನ ಐದಕ್ಕೆ ಮಾರುಕಟ್ಟೆಯಲ್ಲಿರಬೇಕಾದವನಿಗೆ ಬಸ್ಸೂ ಇರುವುದಿಲ್ಲ. 2024ರಲ್ಲಿ ಶುರುವಾದ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ವಸತಿಯ ಭಾಗವೊಂದಿದೆ, ವಲಸೆ ಕಾರ್ಮಿಕರ ಜೊತೆಗೆ ವಸತಿರಹಿತರನ್ನೂ ಅದರಲ್ಲಿ ಹೆಸರಿಸಲಾಗಿದೆ. 2020ರ ಬಾಡಿಗೆ ವಸತಿ ಸಮುಚ್ಚಯ ಯೋಜನೆಯಲ್ಲಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು 25 ವರ್ಷದ ಅವಧಿಗೆ ಬಾಡಿಗೆಗೆ ಕೊಡುವ ಮಾದರಿಯೂ ಇತ್ತು. ಪಾಲಿಕೆ ಮತ್ತು ಕೊಳಗೇರಿ ಅಭಿವೃದ್ಧಿ ಮಂಡಳಿ ಒಟ್ಟಿಗೆ ಕೂತು ಹಂಚಿಕೆಯಾಗದೆ ಉಳಿದ ಮನೆಗಳೆಷ್ಟು ಎಂದು ಪಟ್ಟಿ ಮಾಡಿದರೆ ಕೆಲಸ ಅರ್ಧ ಮುಗಿಯಿತು.

ಆದರೆ ಅದಕ್ಕೂ ಕಾಯಬೇಕಿಲ್ಲ. ಹಳೇ ಹುಬ್ಬಳ್ಳಿ, ಗಣೇಶಪೇಟೆಯಂಥ ಕಡೆ ಒಂದೊಂದು ಖೋಲಿಯ ಬಾಡಿಗೆ ಮನೆಗಳು ಇದ್ದೇ ಇವೆ. ಲೆಕ್ಕಕ್ಕೆ ಬಾಡಿಗೆ ತಿಂಗಳಿಗೆ 3,000, ಡಿಪಾಜಿಟ್ 20,000 ಎಂದು ಹಿಡಿಯೋಣ. ದಿನಕ್ಕೆ 500ರಂತೆ ತಿಂಗಳಿಗೆ 18 ದಿನ ಕೆಲಸ ಸಿಗುವವನಿಗೆ 9,000 ಬರುತ್ತದೆ. ಊಟ ತಿಂಡಿಗೆ ದಿನಕ್ಕೆ 150 ಎಂದರೆ 4,500 ಹೋಯಿತು. ಉಳಿದ 4,500ರಲ್ಲಿ ಬಾಡಿಗೆ ಕಟ್ಟಬಹುದು. ಕಟ್ಟಲಾಗದ್ದು ಡಿಪಾಜಿಟ್. ಬೀದಿಯಲ್ಲಿ ಮಲಗುವವನು 20 ಸಾವಿರ ಕೂಡಿಡಲಾರ, ನಿದ್ದೆಯಲ್ಲಿ ಕಿಸೆ ಕತ್ತರಿಸಿರುತ್ತಾರೆ. ಕಳುವಾಗುವ ಮುಂಚೆ ಖರ್ಚು ಮಾಡಿಬಿಡುವುದು ಅವನ ಮಟ್ಟಿಗೆ ಬುದ್ಧಿವಂತಿಕೆಯೇ, ಮದ್ಯದಂಗಡಿ ಹತ್ತಿರದಲ್ಲೇ ಇರುತ್ತದೆ.

ಆದ್ದರಿಂದ ಪಾಲಿಕೆ ಒಂದು ಡಿಪಾಜಿಟ್ ನಿಧಿ ಮಾಡಲಿ. 50 ಖೋಲಿಗೆ 10 ಲಕ್ಷ ರೂಪಾಯಿ. ಕರಾರು ಪತ್ರದಲ್ಲಿ ಡಿಪಾಜಿಟ್ ನಿಧಿಯ ಹೆಸರಿನಲ್ಲೇ ಇರಬೇಕು, ಬಾಡಿಗೆದಾರ ಬಿಟ್ಟುಹೋದರೆ ಹಣ ನಿಧಿಗೇ ಮರಳಿ ಮುಂದಿನವನಿಗೆ ಸಲ್ಲುತ್ತದೆ. ಬಾಡಿಗೆ ವಸೂಲಿಗೆ ತಿಂಗಳ ಕೊನೆಯ ತನಕ ಕಾಯುವುದು ಸೋಲಿನ ದಾರಿ. ದಿನಗೂಲಿಯವನ ಕೈಯಲ್ಲಿ 3,000 ಒಟ್ಟಿಗೆ ನಿಲ್ಲುವುದಿಲ್ಲ. ನಮ್ಮ ಪೇಟೆಗಳಲ್ಲಿ ಪಿಗ್ಮಿ ಪದ್ಧತಿ ಎಲ್ಲರಿಗೂ ಗೊತ್ತು. ಸಹಕಾರಿ ಸಂಘದ ಪಿಗ್ಮಿ ಏಜೆಂಟ್ ದಿನಾ ಸಂಜೆ ಅಂಗಡಿಗಳಿಗೆ ಬರುತ್ತಾನಲ್ಲ, ಅವನೇ ಹಮಾಲರ ಕಟ್ಟೆಗೂ ಬರಲಿ. ಕೆಲಸ ಸಿಕ್ಕ ದಿನ 170 ರೂಪಾಯಿ, ಸಿಗದ ದಿನ ಇಲ್ಲ. 18 ದಿನಕ್ಕೆ 3,060 ಆಯಿತು, ಖಾತೆಯಿಂದ ಬಾಡಿಗೆ ನೇರ ಮಾಲೀಕರಿಗೆ. ಅಡುಗೆಗೆ 5 ಕಿಲೋ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ ಬರೀ ಗುರುತಿನ ಚೀಟಿಯ ಮೇಲೆ ಸಿಗುತ್ತದೆ.

ಮನೆ ಮಾಲೀಕರ ಅಂಜಿಕೆ ಸುಳ್ಳಲ್ಲ. ಬಾಡಿಗೆ ನಿಂತರೆ, ಗಲಾಟೆಯಾದರೆ, ಖೋಲಿಯಲ್ಲೇ ಸತ್ತು ಪೊಲೀಸ್ ಸ್ಟೇಷನ್ ಅಲೆಯಬೇಕಾದರೆ? ಉಪದೇಶದಿಂದ ಈ ಅಂಜಿಕೆ ಹೋಗದು. ರಾತ್ರಿ ಎರಡಕ್ಕೂ ಎತ್ತುವ ಒಂದು ಫೋನ್ ನಂಬರ್, ವಾರಕ್ಕೊಮ್ಮೆ ಬಂದು ಹೋಗುವ ಒಬ್ಬ ಕಾರ್ಯಕರ್ತ ಬೇಕು. 20 ಖೋಲಿಗೆ ಒಬ್ಬ, ತಿಂಗಳಿಗೆ 15 ಸಾವಿರ ಸಂಬಳವೆಂದರೆ ಖೋಲಿಗೆ 750 ರೂಪಾಯಿ. ಖೋಲಿಯಿಂದ ಹೊರಹಾಕುವ ಕಾರಣಗಳು ಎರಡೇ ಇರಲಿ, ಎರಡು ತಿಂಗಳ ಬಾಡಿಗೆ ಬಾಕಿ ಮತ್ತು ಹೊಡೆದಾಟ. ಮತ್ತೆ ಕುಡಿದ ಎಂಬುದು ಮೂರನೆಯ ಕಾರಣವಾಗಬಾರದು. ಬಿಟ್ಟವರಲ್ಲಿ ಬಹಳ ಮಂದಿ ಒಮ್ಮೆಯಾದರೂ ಜಾರುತ್ತಾರೆ, ಜಾರಿದಾಗ ಖೋಲಿ ಇದ್ದವನು ಆಸ್ಪತ್ರೆಗೆ ಮರಳುತ್ತಾನೆ, ಇಲ್ಲದವನು ಕಟ್ಟೆಗೆ. ಮರಳಿ ದಾಖಲಾದರೆ ಮೂರು ವಾರದ ಬಾಡಿಗೆಯನ್ನು ನಿಧಿ ಭರಿಸಿ ಕೀಲಿಯನ್ನು ಅವನ ಹೆಸರಲ್ಲೇ ಉಳಿಸಲಿ. ಖೋಲಿ ಹೋಗುತ್ತದೆಂಬ ಭಯಕ್ಕೇ ಚಿಕಿತ್ಸೆ ಬೇಡವೆನ್ನುವವರಿದ್ದಾರೆ.

ಫಿನ್ಲೆಂಡ್ 2008ರಿಂದ ಮೊದಲು ಮನೆ, ಆಮೇಲೆ ಚಿಕಿತ್ಸೆ ಎಂಬ ಕ್ರಮ ಹಿಡಿದಿದೆ ಎಂದರೆ ‘ಅವರ ದುಡ್ಡು ನಮಗೆಲ್ಲಿ’ ಎನ್ನುತ್ತೀರಿ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಉಳಿದ ಮಹಿಳೆಯರನ್ನು ನಾಲ್ಕೈದು ಜನರಂತೆ ಸಾಮಾನ್ಯ ಬೀದಿಗಳ ಬಾಡಿಗೆ ಮನೆಗಳಲ್ಲಿ ಇರಿಸಿ ನೋಡಿಕೊಳ್ಳುತ್ತಿದೆ. ಚೆನ್ನೈ ನಮ್ಮಿಂದ ಒಂದು ರಾತ್ರಿಯ ದಾರಿ.

ಹಣದ ಮೂಲ ಯಾವುದೆಂದು ಲೆಕ್ಕಪತ್ರ ವಿಭಾಗ ಕೇಳುತ್ತದೆ. ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿದರೆ ಗ್ರಂಥಾಲಯ ಕರ, ಆರೋಗ್ಯ ಕರಗಳ ಕೆಳಗೆ ಶೇ 3ರ ಭಿಕ್ಷುಕರ ಕರ ಕಾಣುತ್ತದೆ. ಭಿಕ್ಷಾಟನೆ ನಿಷೇಧ ಕಾಯ್ದೆ 1975ರ ಅಡಿ ಅವಳಿ ನಗರದ ಮನೆ, ಅಂಗಡಿ ಮಾಲೀಕರು ವರ್ಷಾ ಅದನ್ನು ಕಟ್ಟುತ್ತಾರೆ, ಪಾಲಿಕೆ ಅದನ್ನು ಇದೇ ಕಾಯ್ದೆಯಡಿಯ ರಾಜ್ಯದ ಕೇಂದ್ರ ಪರಿಹಾರ ಸಮಿತಿಗೆ ಸಲ್ಲಿಸಬೇಕು. ಕಳೆದ ಐದು ವರ್ಷಗಳಲ್ಲಿ ಎಷ್ಟು ವಸೂಲಾಯಿತು, ಎಷ್ಟು ಸಲ್ಲಿಕೆಯಾಯಿತು, ಅದರಲ್ಲಿ ಈ ಜಿಲ್ಲೆಗೆ ಎಷ್ಟು ಮರಳಿ ಬಂತು ಎಂಬ ಮೂರು ಅಂಕಿಗಳನ್ನು ಮುಂದಿನ ಸಾಮಾನ್ಯ ಸಭೆಯ ಮುಂದಿಡಿ. ರಾತ್ರಿಯ ಎರಡನೇ ಮೇಲ್ವಿಚಾರಕರಿಗೆ 4.32 ಲಕ್ಷ, ಡಿಪಾಜಿಟ್ ನಿಧಿಗೆ 10 ಲಕ್ಷ, ಸೇರಿ 14.32 ಲಕ್ಷ ರೂಪಾಯಿ ಇಲ್ಲಿ ಕೇಳಿದ್ದೇವೆ. ಜೊತೆಗಾರರ ಕೂಲಿ, ಖೋಲಿ ಕಾರ್ಯಕರ್ತರ ಸಂಬಳ ಜನ ಸೇರಿದಂತೆ ಏರುವ ಖರ್ಚು, ಅದನ್ನು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಮಂಜೂರು ಮಾಡಿದರೂ ನಡೆಯುತ್ತದೆ. ರಾತ್ರಿ ಸಿಬ್ಬಂದಿಯ ನೇಮಕ ಮಾತ್ರ ಮುಂಗಾರಿಗೆ ಮೊದಲೇ ಆಗಬೇಕು. ತರಬೇತಿಗೆ ಎರಡು ವಾರ ಹಿಡಿಯುತ್ತದೆ, ಜೂನ್ ಬಂದ ಮೇಲೆ ಹುಡುಕಲು ಹೊರಟರೆ ಮಳೆಗಾಲ ಅಲ್ಲಿಗೇ ಮುಗಿಯಿತು.

ಇಂತಿ,
ಹುಬ್ಬಳ್ಳಿ-ಧಾರವಾಡದಲ್ಲಿ ವಸತಿರಹಿತರು ಮತ್ತು ವ್ಯಸನ ಚಿಕಿತ್ಸೆಯ ಕೆಲಸದಲ್ಲಿರುವ ಕೆಲವರು